ಗೋಮಾಳಕ್ಕೆ ಬೇಲಿ ಹಾಕುವ ಮುಂಚೆ ಹುಲ್ಲಿನ ಲೆಕ್ಕ ಹಾಕಿ

ಬಯಲುಸೀಮೆಯ ಯಾವ ಊರಲ್ಲೇ ಆಗಲಿ, ಗೋಮಾಳ ಹಾಳಾಗಿದೆ ಅನ್ನುವ ಮಾತು ಬಂದ ಕೂಡಲೇ ಒಬ್ಬರು ಎದ್ದು "ಗಿಡ ನೆಡೋಣ" ಅನ್ನುತ್ತಾರೆ. ಇನ್ನೊಬ್ಬರು "ತಂತಿ ಬೇಲಿ ಹಾಕಿಸೋಣ" ಅನ್ನುತ್ತಾರೆ. ನಮ್ಮಲ್ಲೂ ಹಾಗೇ ಆಯಿತು, ಎರಡನ್ನೂ ಮಾಡಿದೆವು. ಹೊಂಗೆ, ಬೇವಿನ ಸಸಿಗಳು ಮೊದಲ ಬೇಸಿಗೆಗೇ ಒಣಗಿದವು. ತಂತಿಯನ್ನು ಯಾರೋ ಕತ್ತರಿಸಿದರು. ಆಮೇಲೆ ನಾಲ್ಕೈದು ಜನ ಕೂತು, ಮೊದಲು ಹುಲ್ಲು ಎಷ್ಟಿದೆ, ತಿನ್ನುವ ಬಾಯಿ ಎಷ್ಟಿವೆ ಅಂತ ನೋಡೋಣ ಅಂದುಕೊಂಡೆವು. ಆ ಕೆಲಸ ಹೇಗೆ ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ. ನನ್ನ ತಲೆಯಲ್ಲಿರುವುದು ಚಿತ್ರದುರ್ಗದ ಕಡೆಯ ಮಳೆ, ಮಣ್ಣು. ಮಲೆನಾಡಿನವರಿಗೆ, ಕರಾವಳಿಯವರಿಗೆ ಇದು ಇದ್ದ ಹಾಗೇ ಹೊಂದುವುದಿಲ್ಲ.

ಗಿಡದ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹುಲ್ಲುಗಾವಲು ಅಂದರೆ ಕಾಡು ಕಡಿದು ಉಳಿದ ಜಾಗ ಅಂತ ನಾವು ಸುಮ್ನೆ ನಂಬಿಬಿಟ್ಟಿದ್ದೇವೆ. ಕಡಿಮೆ ಮಳೆಯ, ತೆಳು ಮಣ್ಣಿನ ಎಷ್ಟೋ ಕಡೆ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಇರುವುದೇ ಸಹಜ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ ನೋಡಿ. ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಓಡಾಡುತ್ತಿದ್ದ ಬಯಲದು. ಅಲ್ಲಿ ನೀಲಗಿರಿ ನೆಟ್ಟರು. ಈಗ ಆ ಹಕ್ಕಿ ಅಲ್ಲಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸಸಿ ನೆಡುವ ಹಂತವೇ ಇಲ್ಲ.

1. ಜಾಗ ಯಾವುದು, ಗಡಿ ಎಲ್ಲಿ

ಗ್ರಾಮ ಲೆಕ್ಕಿಗರ ಹತ್ತಿರ ಗೋಮಾಳದ ಸರ್ವೆ ನಂಬರ್ ಕೇಳಿ, ಪಹಣಿ ತೆಗೆಸಿ, ಗ್ರಾಮ ನಕ್ಷೆ ಇಟ್ಟುಕೊಳ್ಳಿ. (ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕು. ಊರಲ್ಲಿ ಯಾರೂ ಹಾಗನ್ನುವುದಿಲ್ಲ.) ದಿಶಾಂಕ್ ಆ್ಯಪ್ ಇದ್ದರೆ, ನೀವು ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಅಂತ ಫೋನಿನಲ್ಲೇ ಗೊತ್ತಾಗುತ್ತದೆ. ಅದು ಅಂದಾಜಿಗೆ ಮಾತ್ರ. ಗಡಿ ಜಗಳ ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಲೇಬೇಕು. ಒತ್ತುವರಿ ಇದ್ದರೆ ಅದು ಬೇರೆಯೇ ಹೋರಾಟ. ಊರಿನ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿಸಬೇಕು ಅಂತ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ ಅನ್ನುವುದು ನೆನಪಿರಲಿ. ಆದರೆ ಆ ಜಗಳ ಮುಗಿಯಲಿ ಅಂತ ಹುಲ್ಲಿನ ಕೆಲಸ ನಿಲ್ಲಿಸಬೇಡಿ. ಉಳಿದಿರುವ ಜಾಗದಲ್ಲಿ ಶುರು ಮಾಡಿ.

2. ಕುರಿ ಕಾಯುವವರ ಜೊತೆ ಒಂದು ದಿನ ನಡೆಯಿರಿ

ಹೋಗಬೇಕಾದ್ದು ಚಿತ್ತೆ, ಸ್ವಾತಿ ಮಳೆಯ ಹೊತ್ತಿಗೆ, ಅಂದರೆ ಅಕ್ಟೋಬರ್, ನವೆಂಬರಿನಲ್ಲಿ. ಆಗ ಹುಲ್ಲು ತೆನೆ ಬಿಟ್ಟಿರುತ್ತದೆ, ಯಾವುದು ಏನು ಅಂತ ಗುರುತಿಸಬಹುದು. ಜೊತೆಗೆ ಕುರಿ ಕಾಯುವವರೊಬ್ಬರು ಇರಲೇಬೇಕು. ಹೆಸರು ಅವರಿಗೆ ಗೊತ್ತು. ಯಾವ ಹುಲ್ಲನ್ನು ಕುರಿ ಯಾವ ತಿಂಗಳಲ್ಲಿ ತಿನ್ನುತ್ತದೆ, ಯಾವಾಗ ಮೂಸಿ ಬಿಡುತ್ತದೆ ಅನ್ನುವುದೂ ಗೊತ್ತು.

ನಡೆಯುವಾಗ ಹೆಜ್ಜೆ ಎಣಿಸಿ. ಪ್ರತಿ ಹೆಜ್ಜೆಗೂ ಚಪ್ಪಲಿಯ ತುದಿಯಲ್ಲಿ ಏನಿದೆ ಅಂತ ನೋಡಿ ಒಂದು ಗೀಟು ಹಾಕಿ: ತಿನ್ನುವ ಹುಲ್ಲು, ತಿನ್ನದ ಗಿಡ, ಒಣ ಕಸ, ಕಲ್ಲು, ಬರಿ ಮಣ್ಣು. ಗೋಮಾಳದ ಉದ್ದಕ್ಕೆ ಇನ್ನೂರು ಹೆಜ್ಜೆ, ಅಡ್ಡಕ್ಕೆ ಇನ್ನೂರು. ಸಂಶೋಧಕರೂ ಇದೇ ಥರದ ವಿಧಾನ ಬಳಸುತ್ತಾರೆ. ಇನ್ನೂರರಲ್ಲಿ ನೂರು ಸಲ ಬರಿ ಮಣ್ಣು ಬಂದರೆ ಮಳೆನೀರು ಇಂಗದೆ ಹರಿದುಹೋಗುತ್ತಿದೆ ಅಂತ ತಿಳಿಯಿರಿ. ಒಣ ಕಸವನ್ನು ಕಡೆಗಣಿಸಬೇಡಿ, ಮಳೆ ಹನಿಯ ಪೆಟ್ಟನ್ನು ಮಣ್ಣಿಗೆ ತಾಗದಂತೆ ತಡೆಯುವುದು ಅದೇ.

ಯಾವ ಹುಲ್ಲು ಅನ್ನುವುದರಲ್ಲೂ ಕಥೆ ಇದೆ. ದೇಶದ ಹುಲ್ಲುಗಾವಲುಗಳನ್ನೆಲ್ಲ ಅಳೆದು ದಬಡಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಐದು ಬಗೆಯಾಗಿ ವಿಂಗಡಿಸಿದರು. ನಮ್ಮ ದಖ್ಖನ್ ಬಯಲಿನದು ಸೆಹಿಮಾ, ಡೈಕಾಂತಿಯಂ ಅನ್ನುವ ಎರಡು ಜಾತಿಯ ಹುಲ್ಲಿನ ಹೆಸರಿನ ಬಗೆ. ಎರಡೂ ಬಹುವರ್ಷ ಬಾಳುವ, ರಾಸುಗಳು ಇಷ್ಟಪಡುವ ಹುಲ್ಲು. ಮೇಯಿಸುವುದು ಜಾಸ್ತಿಯಾದಂತೆ ಇವು ಹಿಂದೆ ಸರಿಯುತ್ತವೆ. ಆ ಜಾಗಕ್ಕೆ ಹೆಟೆರೊಪೊಗಾನ್ ಬರುತ್ತದೆ. ಹೆಸರು ಹೊಸದು ಅನ್ನಿಸಿದರೂ ಹುಲ್ಲು ನಿಮಗೆ ಗೊತ್ತಿರುವುದೇ. ತೆನೆಯ ಕೂದಲು ಜಡೆ ಹಾಕಿದ ಹಾಗೆ ತಿರುಚಿಕೊಂಡು, ಬೀಜ ಪಂಚೆಗೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುತ್ತದಲ್ಲ, ಅದೇ. ಇನ್ನೂ ಕೆಟ್ಟರೆ ಪೊರಕೆಗೆ ಬಳಸುವ ಹಂಚಿಕಡ್ಡಿಯ ಜಾತಿ ಉಳಿಯುತ್ತದೆ. ಅದಕ್ಕೂ ಆಚೆ ತಂಗಡಿ, ಬಂದರಿಕೆ, ಕಾಂಗ್ರೆಸ್ ಗಿಡ, ಬರಿ ನೆಲ. ನಿಮ್ಮ ಗೋಮಾಳ ಯಾವ ಮೆಟ್ಟಿಲಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಎರಡನೇ ಮೆಟ್ಟಿಲಲ್ಲಿದ್ದರೆ ಬಿಡುವು ಕೊಟ್ಟರೆ ಸಾಕಾಗಬಹುದು. ಕೊನೆಯದರಲ್ಲಿದ್ದರೆ ಬಿಡುವಿನ ಜೊತೆ ಬೀಜವೂ ಬೇಕು.

ನಮ್ಮ ಜೊತೆ ಬಂದ ಅಜ್ಜ ಮಧ್ಯಾಹ್ನ ಕೂತಲ್ಲೇ ಒಂದು ಕೆಲಸ ಮಾಡಿದರು. ಮುಳ್ಳಿನ ಪೊದೆಯೊಳಗೆ, ಕುರಿ ಬಾಯಿ ಹಾಕಲಾಗದ ಕಡೆ ಬೆಳೆದಿದ್ದ ಒಂದು ಹುಲ್ಲಿನ ಬುಡವನ್ನು ಗುದ್ದಲಿಯಿಂದ ಎಬ್ಬಿಸಿದರು. ದಾರಿಯ ಮೇಲಿದ್ದ ಅದೇ ಜಾತಿಯ ಇನ್ನೊಂದನ್ನೂ ಕಿತ್ತರು. ಎರಡನ್ನೂ ಟವಲ್ಲಿನ ಮೇಲೆ ಪಕ್ಕಪಕ್ಕ ಇಟ್ಟರು. ಮೊದಲನೆಯದರ ಬೇರು ಗೇಣಿಗಿಂತ ಉದ್ದ, ಗಡ್ಡದ ಹಾಗೆ ಒತ್ತಾಗಿತ್ತು, ಮಣ್ಣು ಹಿಡಿದುಕೊಂಡಿತ್ತು. ಎರಡನೆಯದರ ಬೇರು ಬೆರಳುದ್ದ, ಝಾಡಿಸಿದರೆ ಮಣ್ಣೆಲ್ಲ ಉದುರಿತು. "ನೋಡು ಸಾಮಿ, ಇದು ಉಂಡಿರೋದು, ಇದು ಉಪಾಸ ಇರೋದು" ಅಂದರು.

ಅಜ್ಜ ಹೇಳಿದ್ದನ್ನೇ ಅಮೆರಿಕದ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲಿ ಕತ್ತರಿ ಹಿಡಿದು ತೋರಿಸಿದ್ದರು. ಹುಲ್ಲಿನ ಮೇಲ್ಭಾಗ ಅರ್ಧದೊಳಗೆ ಹೋದರೆ ಬೇರು ಹೆಚ್ಚುಕಡಿಮೆ ಬೆಳೆಯುತ್ತಲೇ ಇರುತ್ತದೆ. ನೂರಕ್ಕೆ ಎಂಬತ್ತು, ತೊಂಬತ್ತು ಭಾಗ ಕತ್ತರಿಸಿದರೆ ಬೇರಿನ ಬೆಳವಣಿಗೆ ಕೆಲವು ದಿನ ನಿಂತೇಹೋಗುತ್ತದೆ. ಮುಂದಿನ ಹಂತದ ಲೆಕ್ಕಕ್ಕೆ ಈ ಅರ್ಧವೇ ಆಧಾರ.

3. ಕೊಯ್ದು ತೂಗಿ

ಬೇಕಾದ್ದು: ಒಂದು ಮೀಟರ್ ಉದ್ದಗಲದ ಚೌಕ (ಪಿವಿಸಿ ಪೈಪಿನದಾದರೂ ಸರಿ, ಬಿದಿರಿನದಾದರೂ ಸರಿ), ಕುಡುಗೋಲು, ಗೋಣಿಚೀಲ, ಅಡುಗೆಮನೆಯ ತಕ್ಕಡಿ.

ಚೌಕವನ್ನು ಗೋಮಾಳದ ಬೇರೆಬೇರೆ ಕಡೆ ಇಪ್ಪತ್ತು ಸಲ ಹಾಕಿ. ಹುಲ್ಲು ಚೆನ್ನಾಗಿರುವ ಕಡೆಗೇ ಕಾಲು ಎಳೆಯುತ್ತದೆ, ಹುಷಾರಾಗಿರಿ. ನಾವು ಐವತ್ತು ಹೆಜ್ಜೆಗೊಮ್ಮೆ ಕಣ್ಣುಮುಚ್ಚಿ ಎಸೆದೆವು. ಒಮ್ಮೆ ಅದು ಹೋಗಿ ಕಳ್ಳಿಯ ಮೇಲೆ ಕೂತಿತು, ಅಲ್ಲಿ ಸೊನ್ನೆ ಅಂತಲೇ ಬರೆದೆವು. ಚೌಕದೊಳಗಿನ ತಿನ್ನುವ ಹುಲ್ಲನ್ನೆಲ್ಲ ನೆಲಮಟ್ಟಕ್ಕೆ ಕೊಯ್ದು, ಬಿಸಿಲಲ್ಲಿ ಗರಿಗರಿ ಅನ್ನುವ ತನಕ ಒಣಗಿಸಿ ತೂಗಿ, ಸರಾಸರಿ ತೆಗೆಯಿರಿ. ಹಸಿ ತೂಕ ಬರೆದರೆ ಲೆಕ್ಕ ಪೂರ್ತಿ ತಪ್ಪುತ್ತದೆ, ಹಸಿ ಹುಲ್ಲಿನ ಬಹುಪಾಲು ನೀರೇ ಅಲ್ವಾ. ಒಂದು ಚೌಕಕ್ಕೆ ಎಷ್ಟು ಗ್ರಾಂ ಬಂತೋ ಅದನ್ನು ನಾಲ್ಕರಿಂದ ಗುಣಿಸಿದರೆ ಎಕರೆಗೆ ಎಷ್ಟು ಕಿಲೋ ಅಂತ ಸಿಗುತ್ತದೆ.

ಒಂದು ತೊಡಕಿದೆ. ನೀವು ಕೊಯ್ಯುವುದು ಕುರಿ ತಿಂದು ಉಳಿದಿದ್ದನ್ನು. ನಿಜವಾಗಿ ಎಷ್ಟು ಬೆಳೆದಿತ್ತು ಅಂತ ತಿಳಿಯಲು ಪಂಜರ ಬೇಕು. ಒಂದೂವರೆ ಮೀಟರ್ ಉದ್ದಗಲದ ಕಬ್ಬಿಣದ ಜಾಲರಿಯ ಪಂಜರವನ್ನೋ, ಮುಳ್ಳಿನ ಗೂಡನ್ನೋ ಮಳೆ ಶುರುವಾಗುವ ಮುಂಚೆ ಮೂರು ಕಡೆ ಇಡಿ. ತಿಂಗಳುಗಳು ಕಳೆದ ಮೇಲೆ ಒಳಗೊಂದು ಚೌಕ, ಹೊರಗೊಂದು ಚೌಕ ಕೊಯ್ದು ತೂಗಿ. ಒಳಗಿನದು ಬೆಳೆದದ್ದು. ಎರಡರ ವ್ಯತ್ಯಾಸ ತಿಂದದ್ದು. ದುಡ್ಡು ಕಮ್ಮಿ ಇದ್ದರೆ ಬೇಲಿಯ ಆಸೆ ಬಿಟ್ಟು ಈ ಮೂರು ಪಂಜರಕ್ಕೆ ಹಾಕಿ ಅನ್ನುವುದು ನನ್ನ ಸಲಹೆ.

4. ಬಾಯಿ ಎಣಿಸಿ, ಭಾಗಿಸಿ

ಉದಾಹರಣೆಗೆ 60 ಎಕರೆ ಗೋಮಾಳ ಅಂದುಕೊಳ್ಳಿ. ಚೌಕಕ್ಕೆ ಸರಾಸರಿ 150 ಗ್ರಾಂ ಒಣ ಹುಲ್ಲು ಬಂತು. ಎಕರೆಗೆ 600 ಕಿಲೋ. ಇದರಲ್ಲಿ ಅರ್ಧ ಹುಲ್ಲಿಗೇ ಬಿಡಬೇಕು. ಉಳಿದ ಅರ್ಧದಲ್ಲೂ ಒಂದಷ್ಟು ತುಳಿತಕ್ಕೆ, ಗೆದ್ದಲಿಗೆ, ಮಿಡತೆಗೆ ಹೋಗುತ್ತದೆ. ಹಾಗಾಗಿ ಮೂರರಲ್ಲಿ ಒಂದು ಪಾಲು ದನಕುರಿಯ ಹೊಟ್ಟೆಗೆ ಅಂತ ಇಟ್ಟುಕೊಳ್ಳಿ. ಎಕರೆಗೆ 200 ಕಿಲೋ, 60 ಎಕರೆಗೆ 12,000 ಕಿಲೋ.

ಈಗ ತಿನ್ನುವವರು. ನಾಟಿ ಹಸು, ಎತ್ತು ದಿನಕ್ಕೆ ಸುಮಾರು 7 ಕಿಲೋ ಒಣ ಮೇವು ತಿನ್ನುತ್ತವೆ. ಕುರಿ, ಮೇಕೆ ಒಂದೊಂದು ಕಿಲೋ. ಊರಲ್ಲಿ 40 ರಾಸು, 300 ಕುರಿಮೇಕೆ ಇದ್ದರೆ ದಿನಕ್ಕೆ 280 ಮತ್ತು 300, ಒಟ್ಟು 580 ಕಿಲೋ. 12,000ವನ್ನು 580ರಿಂದ ಭಾಗಿಸಿ.

ಇಪ್ಪತ್ತು ದಿನ. ವರ್ಷಕ್ಕೆ!

ಈ ಲೆಕ್ಕವನ್ನು ಪಂಚಾಯಿತಿ ಕಟ್ಟೆಯಲ್ಲಿ ಓದಿದಾಗ ಯಾರೂ ನಂಬುವುದಿಲ್ಲ. "ಹಂಗಾದ್ರೆ ನಮ್ಮ ಕುರಿ ಹೆಂಗೆ ಬದುಕಿದಾವೆ?" ಅನ್ನುತ್ತಾರೆ. ಒಳ್ಳೆಯ ಪ್ರಶ್ನೆ. ಬದುಕಿರುವುದು ಗೋಮಾಳದಿಂದ ಮಾತ್ರ ಅಲ್ಲ. ಕೊಯ್ಲಾದ ಹೊಲ, ಬದು, ಬೀಳು, ಕೆರೆಯಂಗಳ, ಸೊಪ್ಪು, ಬಣವೆಯ ರಾಗಿ ಹುಲ್ಲು, ಶೇಂಗಾ ಹೊಟ್ಟು, ಎಲ್ಲ ಸೇರಿ. ಹಾಗಾಗಿ ಮುಂದಿನ ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು, ಯಾವ ತಿಂಗಳು ಯಾವ ಕುರಿ ಎಲ್ಲಿ ಮೇಯುತ್ತದೆ ಅಂತ ಕೇಳಿ ತುಂಬಿಸಿ. ಗೋಮಾಳದ ಮೇಲೆ ಒತ್ತಡ ಯಾವಾಗ ಅಂತ ತಾನೇ ಕಾಣುತ್ತದೆ. ನಮ್ಮ ಕಡೆ ಅದು ಜೂನ್, ಜುಲೈ. ಹೊಲಗಳಲ್ಲೆಲ್ಲ ಶೇಂಗಾ ಬಿತ್ತಿರುತ್ತಾರೆ, ಕುರಿ ಬಿಡಲು ಗೋಮಾಳ ಒಂದೇ ಗತಿ. ದುರದೃಷ್ಟಕ್ಕೆ, ಹುಲ್ಲು ಚಿಗುರಿ ಬೇರು ಬಿಡಬೇಕಾದ ತಿಂಗಳೂ ಅದೇ.

ಕಾನೂನಿನ ಲೆಕ್ಕ ಬೇರೆ ಇದೆ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದ ಪ್ರಕಾರ ನೂರು ರಾಸುಗಳಿಗೆ ಕನಿಷ್ಠ 30 ಎಕರೆ ಗೋಮಾಳ ಬಿಡಬೇಕು. 60 ಎಕರೆಯಲ್ಲಿ 200 ರಾಸು ಅಂತ ಇಟ್ಟುಕೊಂಡು ಮೇಲಿನ ಹಾಗೇ ಭಾಗಿಸಿದರೆ ಒಂಬತ್ತು ದಿನವೂ ಬರುವುದಿಲ್ಲ. ಗೋಮಾಳ ಉಳಿಸಿಕೊಳ್ಳಲು ಆ ನಿಯಮ ಕೈಗೆ ಸಿಗುವ ಒಳ್ಳೆಯ ದೊಣ್ಣೆ. ಎಷ್ಟು ಮೇಯಿಸಬಹುದು ಅಂತ ತಿಳಿಯಲು ಅದನ್ನು ನಂಬಬೇಡಿ.

5. ಬಿಡುವು: ಎಷ್ಟು ಜಾಗಕ್ಕೆ, ಯಾವಾಗ

"ಭರಣಿ ಸುರಿದರೆ ಧರಣಿ ಬದುಕೀತು" ಅನ್ನುತ್ತಾರಲ್ಲ, ಆ ಧರಣಿಯ ಮೇಲೆ ಮರುವಾರವೇ ಮುನ್ನೂರು ಕುರಿ ಬಿಟ್ಟರೆ ಹುಲ್ಲು ಬದುಕುವುದಿಲ್ಲ. ಬಹುವರ್ಷದ ಹುಲ್ಲು ಮೊದಲ ಚಿಗುರನ್ನು ಬುಡದಲ್ಲಿ ಕೂಡಿಟ್ಟಿದ್ದ ಸಕ್ಕರೆ, ಪಿಷ್ಟದಿಂದ ಹೊರಡಿಸುತ್ತದೆ. ಎಲೆ ಬಲಿತು ಬಿಸಿಲು ಹಿಡಿದ ಮೇಲೆ ಸಾಲ ತೀರಿಸಿದ ಹಾಗೆ ಬುಡಕ್ಕೆ ವಾಪಸ್ ತುಂಬುತ್ತದೆ. ಸಾಲ ತೀರಿಸುವ ಮುಂಚೆ ಎಲೆ ಹೋದರೆ, ಮತ್ತೆ ಸಾಲ. ಮೂರ್ನಾಲ್ಕು ವರ್ಷ ಹೀಗೇ ನಡೆದರೆ ಬುಡವೇ ಸಾಯುತ್ತದೆ.

ಹಾಗಾಗಿ ಮಣ್ಣು ನೆನೆಯುವ ಮೊದಲ ಮಳೆಯಿಂದ ಆರರಿಂದ ಎಂಟು ವಾರ ಬಿಡುವು ಬೇಕು. ಪೂರ್ತಿ ಗೋಮಾಳಕ್ಕೆ ಕೊಡಲು ಆಗುವುದಿಲ್ಲ, ಮೇಲೆ ಹೇಳಿದ ಶೇಂಗಾ ಕಾರಣಕ್ಕೆ. ಮೂರು ಪಾಲು ಮಾಡಿ. ಒಂದು ಪಾಲಿಗೆ ಈ ವರ್ಷ ಮುಂಗಾರಿನ ಬಿಡುವು. ಎರಡನೆಯದಕ್ಕೆ ಹುಬ್ಬೆಯಿಂದ ಸ್ವಾತಿವರೆಗೆ, ಅಂದರೆ ಸೆಪ್ಟೆಂಬರಿನಿಂದ ನವೆಂಬರ್ ಮೊದಲ ವಾರದವರೆಗೆ, ತೆನೆ ಬಲಿತು ಬೀಜ ಉದುರುವ ತನಕ ಬಿಡುವು. ಮೂರನೆಯದು ಈ ವರ್ಷ ಪೂರ್ತಿ ತೆರೆದಿರಲಿ. ಮುಂದಿನ ವರ್ಷ ಒಂದೊಂದು ಪಾಲು ಮುಂದಕ್ಕೆ ಸರಿಸಿ. ತೆರೆದ ಪಾಲಿಗೆ ಆ ವರ್ಷ ಪೆಟ್ಟು ಜಾಸ್ತಿ ಬೀಳುತ್ತದೆ, ಸುಳ್ಳು ಹೇಳುವುದಿಲ್ಲ. ಅದಕ್ಕೇ ಬಣವೆಯಲ್ಲಿ ಹುಲ್ಲು ಉಳಿಸಿಕೊಂಡಿರುವವರು ಜೂನ್‌ನಲ್ಲಿ ಎತ್ತು, ಹಸುಗಳನ್ನು ಮನೆಯಲ್ಲೇ ಕಟ್ಟಿ ಮೇಯಿಸಲು ಒಪ್ಪಬೇಕು. ಒಂದು ಎತ್ತು ಕಟ್ಟಿದರೆ ಏಳು ಕುರಿಗೆ ಜಾಗ ಆಗುತ್ತದೆ.

ಇದು ಹೊಸ ಜ್ಞಾನವೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದರ ಕಾವಲುಗಳಲ್ಲಿ, ಅಂದರೆ ದನ ಮೇಯಲು ಕಾದಿಟ್ಟ ಹುಲ್ಲುಗಾವಲುಗಳಲ್ಲಿ, ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಅಂತ ಬೇರೆಬೇರೆ ಇದ್ದವು. ಕಾಲ ಬದಲಾದಂತೆ ದನಗಳು ಜಾಗ ಬದಲಿಸುತ್ತಿದ್ದವು. ಈಗ ಆ ಕಾವಲುಗಳೇ ಕರಗಿವೆ. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಕಾವಲು ರಕ್ಷಣಾ, ಬಾಹ್ಯಾಕಾಶ, ಅಣು ಸಂಸ್ಥೆಗಳಿಗೆ ಹೋಯಿತು. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳನ್ನು ಕೇಳಿದರೆ ಮೇವಿನ ಕಷ್ಟ ಏನು ಅಂತ ಹೇಳುತ್ತಾರೆ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಜಿಂಬಾಬ್ವೆಯ ಆಲನ್ ಸೇವರಿಯವರ ಸರದಿ ಮೇಯಿಸುವಿಕೆ ಸಿಗುತ್ತದೆ. ಹತ್ತಾರು ಪಾಲು ಮಾಡಿ, ಮಂದೆಯನ್ನು ಒತ್ತಾಗಿ ಬಿಟ್ಟು, ಬೇಗಬೇಗ ಜಾಗ ಬದಲಿಸಿದರೆ ಮರುಭೂಮಿಯೂ ಹಸಿರಾಗುತ್ತದೆ ಅನ್ನುವ ವಾದ. ಡೇವಿಡ್ ಬ್ರಿಸ್ಕ್ ಮತ್ತು ಜೊತೆಗಾರರು 2008ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಬಹುಪಾಲು ಪ್ರಯೋಗಗಳಲ್ಲಿ ಸರದಿ ಪದ್ಧತಿ ಸದಾ ಮೇಯಿಸುವುದಕ್ಕಿಂತ ಮೇಲು ಅಂತ ಕಾಣಲಿಲ್ಲ. ದನಗಳ ಸಂಖ್ಯೆ ಎಷ್ಟು, ಮಳೆ ಎಷ್ಟು ಅನ್ನುವುದೇ ಹೆಚ್ಚು ಮುಖ್ಯವಾಗಿತ್ತು. ಹತ್ತು ಪಾಲು, ಹದಿನೈದು ಗೇಟು ಅಂತ ಖರ್ಚು ಮಾಡಬೇಡಿ. ಮೂರು ಸಾಕು.

6. ನಷ್ಟ ಯಾರಿಗೆ ಅಂತ ಕೇಳಿ

ನಮ್ಮ ತಂತಿ ಯಾಕೆ ಕತ್ತರಿಸಿದರು ಅಂತ ಗೊತ್ತಾಗಿದ್ದು ತಡವಾಗಿ. ನಾವು ಬೇಲಿ ಹಾಕಿದ್ದ ಹತ್ತು ಎಕರೆ ಕುರಿ ಹಟ್ಟಿಗೂ ಗೋಕಟ್ಟೆಗೂ ನಡುವೆ ಬಂದಿತ್ತು. ಸಭೆಯಲ್ಲಿ ಒಬ್ಬ ಹೆಂಗಸು ಎದ್ದು, "ನಮ್ಮ ಕುರಿ ನೀರಿಗೆ ರೆಕ್ಕೆ ಕಟ್ಕೊಂಡು ಹೋಗ್ಬೇಕಾ ಅಣ್ಣಾ?" ಅಂದಳು. ನಕ್ಷೆ ಮಾಡಿದವರಲ್ಲಿ ಕುರಿ ಇದ್ದವರು ಒಬ್ಬರೂ ಇರಲಿಲ್ಲ, ನಾನೂ ಸೇರಿ.

ಮುಚ್ಚುವ ಪಾಲಿನ ಪಕ್ಕದಲ್ಲಿ ನೀರಿಗೆ ಹೋಗುವ ದಾರಿ ಬಿಡಿ, ಹತ್ತು ಮಾರು ಅಗಲಕ್ಕಾದರೂ. ಬೇಲಿಯ ಬದಲು ಸುಣ್ಣ ಬಳಿದ ಕಲ್ಲು ಸಾಕು. ನೆಲ ಇಲ್ಲದೆ ಕುರಿ ಮಾತ್ರ ಇರುವ ಮನೆಗಳ ಪಟ್ಟಿ ಮಾಡಿ, ಅವರಿಗೆ ಬದಲಿಗೆ ಏನು ಕೊಡುತ್ತೀರಿ ಅಂತ ಮೊದಲೇ ತೀರ್ಮಾನಿಸಿ. ಮುಚ್ಚಿದ ಪಾಲಿನಿಂದ ಕೊಯ್ದ ಹುಲ್ಲಿನ ಮೊದಲ ಹಕ್ಕು ಅವರಿಗೇ ಕೊಡಬಹುದು.

ಹರಿಯಾಣದ ಸುಖೋಮಾಜ್ರಿಯಲ್ಲಿ 1970ರ ದಶಕದಲ್ಲಿ ಇದೇ ಗಂಟು ಬಿಚ್ಚಿದರು. ಗುಡ್ಡದ ಮಣ್ಣು ಕೊಚ್ಚಿ ಚಂಡೀಗಢದ ಸುಖನಾ ಕೆರೆ ತುಂಬುತ್ತಿತ್ತು. ಮೇಯಿಸಬೇಡಿ ಅಂದರೆ ಊರವರು ಕೇಳುತ್ತಿರಲಿಲ್ಲ. ಪಿ. ಆರ್. ಮಿಶ್ರಾ ಮತ್ತು ಊರವರು ಸಣ್ಣ ಕಟ್ಟೆ ಕಟ್ಟಿ, ಅದರ ನೀರಿನಲ್ಲಿ ನೆಲ ಇಲ್ಲದ ಮನೆಗೂ ಪಾಲು ಇಟ್ಟರು. ಗುಡ್ಡ ಹಾಳಾದರೆ ತಮ್ಮ ಪಾಲಿನ ನೀರೂ ಹೋಗುತ್ತದೆ ಅಂತಾದ ಮೇಲೆ ತಂತಿಯ ಅಗತ್ಯವೇ ಬೀಳಲಿಲ್ಲ.

ಹೊರಗಿನಿಂದ ವಲಸೆ ಬರುವ ಕುರಿ ಮಂದೆಗಳನ್ನು ಓಡಿಸಬೇಡಿ. ಕೀನ್ಯಾದ ತುರ್ಕಾನಾ ಪಶುಪಾಲಕರನ್ನು ಅಧ್ಯಯನ ಮಾಡಿದ ಎಲ್ಲಿಸ್ ಮತ್ತು ಸ್ವಿಫ್ಟ್ 1988ರಲ್ಲಿ ತೋರಿಸಿದ ಹಾಗೆ, ಮಳೆ ನಂಬಲಾಗದ ಕಡೆ ಮಂದೆ ಜಾಗ ಬದಲಿಸುತ್ತಿರುವುದೇ ಜಾಣತನ. ಅವರು ಬಂದರೆ ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳಿ, ಗೊಬ್ಬರ ಸಿಗುತ್ತದೆ. ಮುಚ್ಚಿದ ಪಾಲು ಯಾವುದು ಅಂತ ಮೊದಲ ದಿನವೇ ತೋರಿಸಿದರೆ ಅವರು ತಪ್ಪದೆ ಮಾತು ಉಳಿಸಿಕೊಳ್ಳುತ್ತಾರೆ, ನಮ್ಮೂರವರಿಗಿಂತ ಚೆನ್ನಾಗಿ.

7. ಕಳೆ ಮತ್ತು ಬೀಜ

ಬಳ್ಳಾರಿ ಜಾಲಿಯನ್ನು (ಪ್ರೊಸಾಪಿಸ್, ಮೊದಲು ಹೇಳಿದ ಜಾಲಿ ಅಲ್ಲ) ಮೇಲೆ ಕಡಿದರೆ ಒಂದರ ಬದಲು ಹತ್ತು ಕವಲು ಬರುತ್ತವೆ. ಬುಡದ ಸುತ್ತ ಒಂದಡಿ ಅಗೆದು ಬೇರಿನ ಗಂಟು ಸಮೇತ ತೆಗೆಯಬೇಕು. ಕುರಿ, ಮೇಕೆ, ದನ ಕಾಯಿ ತಿಂದು ಹಿಕ್ಕೆ, ಸಗಣಿಯಲ್ಲಿ ಬೀಜ ಹರಡುತ್ತವೆ, ಹಾಗಾಗಿ ಕಾಯಿ ಬಲಿಯುವ ಮುಂಚೆಯೇ ಕೆಲಸ ಮುಗಿಸಿ. ಕಛ್‌ನ ಬನ್ನಿ ಹುಲ್ಲುಗಾವಲನ್ನು ನುಂಗುತ್ತಿರುವುದು ಇದೇ ಗಿಡ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಕೀಳಿ, ಕೈಗೆ ಚೀಲ ಕಟ್ಟಿಕೊಳ್ಳಿ, ಮೈ ತುರಿಸುತ್ತದೆ.

ಬೀಜ ಬೇಕಾಗುವುದು ಬರಿ ನೆಲಕ್ಕೆ ಮಾತ್ರ. ಅಂಜನ್ ಹುಲ್ಲು, ಜೊತೆಗೆ ದ್ವಿದಳ ಜಾತಿಯ ಸ್ಟೈಲೋ ಹಮಾಟ ಒಣ ನೆಲಕ್ಕೆ ಒಗ್ಗುತ್ತವೆ. ಹಮಾಟ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿಯಷ್ಟು ಬಿಸಿ ನೀರಲ್ಲಿ ನಾಲ್ಕೈದು ನಿಮಿಷ ಇಟ್ಟು, ಆಮೇಲೆ ತಣ್ಣೀರಲ್ಲಿ ರಾತ್ರಿ ನೆನೆಸಿ ಬಿತ್ತಿ, ಎಕರೆಗೆ 4 ಕಿಲೋ. ಅಂಜನ್ ಬೀಜ ಹತ್ತಿಯ ಹಾಗೆ ಹಗುರ, ಗಾಳಿಗೆ ಹಾರುತ್ತದೆ. ಒದ್ದೆ ಮಣ್ಣಿನಲ್ಲಿ ಕಲಸಿ ಎರಚಿ. ಆ ವರ್ಷ ಕಟಾವು ಮಾಡಿದ ತಾಜಾ ಬೀಜ ತಕ್ಷಣ ಮೊಳೆಯುವುದಿಲ್ಲ, ಹಿಂದಿನ ವರ್ಷದ್ದೇ ಒಳ್ಳೆಯದು. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ, ಬೀಜದ ಬಗ್ಗೆ ಅಲ್ಲಿ ವಿಚಾರಿಸಬಹುದು.

8. ಮರುವರ್ಷ

ಅದೇ ತಿಂಗಳು, ಅದೇ ದಾರಿ, ಅದೇ ಇನ್ನೂರು ಹೆಜ್ಜೆ. ಒಂದು ದೊಡ್ಡ ಕಲ್ಲಿಗೆ ಬಣ್ಣ ಬಳಿದು, ಅದರ ಮೇಲೆ ನಿಂತು ಅದೇ ದಿಕ್ಕಿಗೆ ಫೋಟೋ ತೆಗೆಯಿರಿ. ಮಳೆ ಎಷ್ಟು ಬಂತು ಅಂತ ಬರೆದಿಡಿ, ಇಲ್ಲದಿದ್ದರೆ ಒಳ್ಳೆ ಮಳೆಯ ವರ್ಷ ಹುಲ್ಲು ಬಂದದ್ದಕ್ಕೆ ನಾವು ಬೀಗುತ್ತೇವೆ, ಬರದ ವರ್ಷ ಕುರಿಯವರನ್ನು ಬೈಯುತ್ತೇವೆ. ಬಿಡುವು ಕೊಟ್ಟ ಪಾಲನ್ನು ಅದೇ ವರ್ಷದ ತೆರೆದ ಪಾಲಿನ ಜೊತೆ ಹೋಲಿಸಿ, ಹೋದ ವರ್ಷದ ಜೊತೆ ಅಲ್ಲ.

ಪಂಜರಗಳನ್ನು ಪ್ರತಿ ವರ್ಷ ಭರಣಿಗೆ ಮುಂಚೆ ಹೊಸ ಜಾಗಕ್ಕೆ ಸರಿಸಬೇಕು. ಒಂದೇ ಕಡೆ ಬಿಟ್ಟರೆ ಅಲ್ಲಿ ಹಳೇ ಹುಲ್ಲು ಗುಡ್ಡೆಯಾಗಿ ಲೆಕ್ಕ ಕೆಡುತ್ತದೆ. ಎಲ್ಲಿಡಬೇಕು ಅಂತ ಈ ಸಲ ಅಜ್ಜ ಆರಿಸುತ್ತಾರಂತೆ. ನಾವು ಕಣ್ಣುಮುಚ್ಚಿ ಎಸೆಯಬೇಕು ಅಂದರೆ ಅವರು ಒಪ್ಪುತ್ತಿಲ್ಲ.